ಗಾಡಿಯ ಹಿಂಭಾಗಕ್ಕೆ ಫ್ರಿಜ್ ಸಾಕೆಟ್: ಎಷ್ಟು ದಪ್ಪದ ವೈರ್, ಎಷ್ಟರ ಫ್ಯೂಸ್, ಅರ್ತ್ ಎಲ್ಲಿಗೆ?

ಕಚ್ಚಾರಸ್ತೆ:

ಎಲ್ಲರಿಗೂ ನಮಸ್ಕಾರ. ಗಾಡಿ 2019ರ ಬಿಎಸ್4 ಡೀಸೆಲ್ ಎಸ್‌ಯುವಿ, ಲ್ಯಾಡರ್ ಫ್ರೇಮ್ (ಕೆಳಗೆ ಬೇರೆ ಚಾಸಿ, ಅದರ ಮೇಲೆ ಬಾಡಿ). ಬ್ಯಾಟರಿ ಬಾನೆಟ್ ಒಳಗೆ ಎಡಗಡೆ, 12 ವೋಲ್ಟ್ 65 ಎಎಚ್ (ಆಂಪ್-ಗಂಟೆ). ಹಿಂದಿನ ಸೀಟು ಮಡಚಿ ಅಲ್ಲಿ 45 ಲೀಟರಿನ ಕಂಪ್ರೆಸರ್ ಫ್ರಿಜ್ ಇಟ್ಟಿದ್ದೇನೆ, ಲೇಬಲ್ ಮೇಲೆ 60 ವ್ಯಾಟ್ ಅಂತಿದೆ. ಹಿಂದೆ ಸಾಕೆಟ್ ಇಲ್ಲದ್ದರಿಂದ ಸದ್ಯ ಡ್ಯಾಶ್‌ಬೋರ್ಡಿನ ಸಿಗರೇಟ್ ಸಾಕೆಟ್‌ನಿಂದ ಎಕ್ಸ್‌ಟೆನ್ಷನ್ ಎಳೆದಿದ್ದೇನೆ.

ತೊಂದರೆ ಏನೆಂದರೆ, ಗಾಡಿ ಓಡುವಾಗ ಫ್ರಿಜ್ ಸರಿಯಾಗಿ ಕೆಲಸ ಮಾಡುತ್ತೆ. ಎಂಜಿನ್ ಆಫ್ ಮಾಡಿ ಕೀ ಎಸಿಸಿಯಲ್ಲಿ ಬಿಟ್ಟರೆ ಐದು ಹತ್ತು ನಿಮಿಷಕ್ಕೆ ಕಂಪ್ರೆಸರ್ ನಿಂತು ದೀಪ ಒಂದೊಂದೇ ಸಲ ಮಿಣುಕುತ್ತೆ. ಬ್ಯಾಟರಿ ಮೇಲೆ ಮೀಟರ್ ಇಟ್ಟರೆ 12.5 ತೋರಿಸುತ್ತೆ, ಅಂದರೆ ಬ್ಯಾಟರಿ ಕೂತಿಲ್ಲ. ಫ್ರಿಜ್ ತಂತಿಯ ತುದಿಯಲ್ಲಿ ನೋಡಿದರೂ 12.4. ಹಾಗಾದರೆ ಫ್ರಿಜ್‌ನ ಬೋರ್ಡೇ ಹೋಗಿದೆಯಾ?

ಬ್ಯಾಟರಿಯಿಂದ ನೇರವಾಗಿ ಹಿಂದಕ್ಕೆ ಬೇರೆ ಲೈನ್ ಎಳೆಯಬೇಕು ಅಂತಿದ್ದೇನೆ. ಅಂಗಡಿಯವರು 1.5 ಸ್ಕ್ವೇರ್ ಎಂಎಂ ಧಾರಾಳ ಸಾಕು ಅಂದರು. ವೈರ್, ಫ್ಯೂಸ್, ಸಾಕೆಟ್ ಯಾವುದು ತೆಗೆದುಕೊಳ್ಳಲಿ? ನೆಗೆಟಿವ್ (ಅರ್ತ್) ವೈರ್ ಅನ್ನು ಹಿಂದೆಯೇ ಗಾಡಿಯ ಬಾಡಿ ತಗಡಿಗೆ ಕೊಟ್ಟುಬಿಡಬಹುದಾ?

ತಾಮ್ರತಂತಿ:

ಬೋರ್ಡಿಗೆ ಏನೂ ಆಗಿಲ್ಲ. ಈ ಫ್ರಿಜ್‌ಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಡ್ಯಾನ್‌ಫಾಸ್ (ಈಗ ಸೆಕಾಪ್) ಬಿಡಿ35 ಅಥವಾ ಅದೇ ಜಾತಿಯ ಕಂಪ್ರೆಸರ್. ಅದರ ಕಂಟ್ರೋಲರ್‌ನಲ್ಲಿ ದೀಪ ಒಂದು ಸಲ ಮಿಣುಕಿದರೆ ವೋಲ್ಟೇಜ್ ಸಾಲದೆ ಕಟ್ ಆಗಿದೆ ಅಂತ ಅರ್ಥ. ಎರಡು ಸಲ ಅಂದರೆ ಫ್ಯಾನ್ ಜಾಸ್ತಿ ಕರೆಂಟ್ ಎಳೆಯುತ್ತಿದೆ, ಮೂರು ಅಂದರೆ ಮೋಟರ್ ಸ್ಟಾರ್ಟ್ ಆಗುತ್ತಿಲ್ಲ, ನಾಲ್ಕು ಅಂದರೆ ಮೋಟರ್ ಕನಿಷ್ಠ ವೇಗ ಹಿಡಿಯುತ್ತಿಲ್ಲ, ಐದು ಅಂದರೆ ಬಿಸಿ ಹೆಚ್ಚಾಗಿದೆ. ನಿಮ್ಮದು ಒಂದು.

ಮೀಟರ್ ನಿಮಗೆ ಸುಳ್ಳು ಹೇಳಿಲ್ಲ, ನೀವು ಕೇಳಿದ ಹೊತ್ತು ಸರಿ ಇಲ್ಲ. ಕಂಪ್ರೆಸರ್ ನಿಂತ ಮೇಲೆ ವೈರ್‌ನಲ್ಲಿ ಕರೆಂಟ್ ಹರಿಯಲ್ಲ. ಕರೆಂಟ್ ಹರಿಯದಿದ್ದರೆ ದಾರದಷ್ಟು ಸಣ್ಣ ವೈರ್ ಕೂಡ ಆ ತುದಿಯಲ್ಲಿ ಪೂರ್ತಿ 12.4 ತೋರಿಸುತ್ತೆ. ಕಂಪ್ರೆಸರ್ ಓಡುತ್ತಿರುವಾಗಲೇ ನೋಡಿ, 11.5ರ ಹತ್ತಿರ ಸಿಗಬಹುದು. ಬ್ಯಾಟರಿ ಪ್ರೊಟೆಕ್ಷನ್ (ವೋಲ್ಟೇಜ್ ಇಳಿದಾಗ ಫ್ರಿಜ್ ತಾನೇ ನಿಲ್ಲುವ ಸೆಟ್ಟಿಂಗ್) 'ಹೈ'ನಲ್ಲಿದ್ದರೆ ಮೂರು ಹಂತದ ಫ್ರಿಜ್‌ಗಳು ಸಾಮಾನ್ಯವಾಗಿ 11.8ರ ಆಸುಪಾಸಿಗೆ ನಿಲ್ಲುತ್ತವೆ, ಮತ್ತೆ ಹೊರಡಲು 12.5ರ ಹತ್ತಿರ ಬೇಕು. ಎಂಜಿನ್ ಓಡುವಾಗ ಆಲ್ಟರ್ನೇಟರ್ 14 ಕೊಡುತ್ತೆ, ದಾರಿಯಲ್ಲಿ ಒಂದು ವೋಲ್ಟ್ ಸೋರಿದರೂ 13 ಉಳಿಯುತ್ತೆ. ಆಫ್ ಮಾಡಿದಾಗ 12.5ರಿಂದ ಅದೇ ಒಂದು ವೋಲ್ಟ್ ಕಳೆದರೆ ಫ್ರಿಜ್‌ಗೆ ಬ್ಯಾಟರಿ ಖಾಲಿಯಾದಂತೆ ಕಾಣುತ್ತೆ.

ಪ್ರೊಟೆಕ್ಷನ್ 'ಲೋ' ಮಾಡಿಬಿಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗೆ ಮಾಡಿದರೆ ಫ್ರಿಜ್ ಸುಮಾರು 10.1ರವರೆಗೆ ಎಳೆಯುತ್ತೆ. ಆಮೇಲೆ ಒಳ್ಳೆ ವೈರ್ ಹಾಕಿ ಸೆಟ್ಟಿಂಗ್ ಬದಲಿಸಲು ಮರೆತರೆ ಬೆಳಗ್ಗೆ ಸ್ಟಾರ್ಟರ್ 'ಟಿಕ್' ಅಂದು ಸುಮ್ಮನಾಗುತ್ತೆ.

ಈಗ ವೈರ್ ಲೆಕ್ಕ. ಮೊದಲು ಒಂದು ಹಗ್ಗ ಹಿಡಿದು ಬ್ಯಾಟರಿಯಿಂದ ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡು), ಎಡ ಬಾಗಿಲ ಹೊಸ್ತಿಲು, ಹಿಂದಿನ ಚಕ್ರದ ಮೇಲಿನ ಉಬ್ಬು, ಹೀಗೆ ವೈರ್ ಹೋಗುವ ದಾರಿಯಲ್ಲೇ ಅಳೆಯಿರಿ. ನಿಮ್ಮಂಥ ಗಾಡಿಯಲ್ಲಿ ಐದೂವರೆ ಮೀಟರ್ ಹತ್ತಿರ ಬರುತ್ತೆ. ಕರೆಂಟ್ ಹೋಗಿ ವಾಪಸ್ ಬರಬೇಕು, ಆದ್ದರಿಂದ ಲೆಕ್ಕಕ್ಕೆ 11 ಮೀಟರ್. ತಾಮ್ರಕ್ಕೆ 0.0175 ಅನ್ನು 11ರಿಂದ ಗುಣಿಸಿ, ವೈರ್‌ನ ಸ್ಕ್ವೇರ್ ಎಂಎಂನಿಂದ ಭಾಗಿಸಿ, ಬಂದದ್ದನ್ನು ಆಂಪ್‌ನಿಂದ ಗುಣಿಸಿದರೆ ಎಷ್ಟು ವೋಲ್ಟ್ ಸೋರುತ್ತೆ ಅಂತ ಗೊತ್ತಾಗುತ್ತೆ. 5 ಆಂಪ್‌ಗೆ:

1.5 ಸ್ಕ್ವೇರ್: 0.64 ವೋಲ್ಟ್
2.5 ಸ್ಕ್ವೇರ್: 0.39
4 ಸ್ಕ್ವೇರ್: 0.24
6 ಸ್ಕ್ವೇರ್: 0.16
10 ಸ್ಕ್ವೇರ್: 0.10

ಇದು ಬರೀ ವೈರ್‌ನ ಲೆಕ್ಕ. ಫ್ಯೂಸ್ ಹೋಲ್ಡರ್, ಕ್ರಿಂಪ್ (ವೈರ್‌ಗೆ ಲೋಹದ ತುದಿ ಒತ್ತಿ ಬಿಗಿದ ಜಾಗ), ಸಾಕೆಟ್, ಫ್ರಿಜ್ ಜೊತೆ ಬಂದ ತಂತಿ ಎಲ್ಲ ಇದರ ಮೇಲೆ ಸೇರುತ್ತೆ. ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ಕರೆಂಟ್ ಇನ್ನೂ ಜಾಸ್ತಿ. ಅಂಗಡಿಯವರು 1.5 ಸಾಕು ಅಂದದ್ದು ವೈರ್ ಸುಡುವುದಿಲ್ಲ ಅನ್ನುವ ಲೆಕ್ಕದಲ್ಲಿ. ಅಷ್ಟರಮಟ್ಟಿಗೆ ಅವರು ಹೇಳಿದ್ದು ಸರಿ, 5 ಆಂಪ್‌ಗೆ 1.5 ಸುಡುವುದಿಲ್ಲ. ಆದರೆ ನಿಮ್ಮ ಸಮಸ್ಯೆ ಡ್ರಾಪ್, ಅಂದರೆ ದಾರಿಯಲ್ಲಿ ಸೋರುವ ವೋಲ್ಟ್. 6 ತೆಗೆದುಕೊಳ್ಳಿ. 4 ಕನಿಷ್ಠ. 4ಕ್ಕೂ 6ಕ್ಕೂ ಇರುವ ಬೆಲೆ ವ್ಯತ್ಯಾಸ ಒಂದು ದಿನದ ಡೀಸೆಲ್‌ಗಿಂತ ಕಡಿಮೆ.

ತೆಗೆದುಕೊಳ್ಳುವಾಗ ಎರಡು ಮೋಸಗಳ ಮೇಲೆ ಕಣ್ಣಿಡಿ. ಒಂದು, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ವೈರ್. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅಲ್ಲೇ ಬಿಟ್ಟು ಬನ್ನಿ. ಅದರ ರೆಸಿಸ್ಟೆನ್ಸ್ ಜಾಸ್ತಿ, ಕ್ರಿಂಪ್ ಒಳಗೆ ಸಡಿಲವಾಗುತ್ತೆ, ಬಾಗಿಸಿ ಬಾಗಿಸಿ ತುಂಡಾಗುತ್ತೆ. ಎರಡು, '6 ಎಂಎಂ' ಅಂತ ಮಾತ್ರ ಬರೆದಿರುವುದು. ಆಸ್ಟ್ರೇಲಿಯಾದವರ ವಿಡಿಯೊಗಳಲ್ಲಿ '6 ಎಂಎಂ ಆಟೊ ಕೇಬಲ್' ಅಂದರೆ ಪ್ಲಾಸ್ಟಿಕ್ ಸೇರಿಸಿದ ಹೊರ ದಪ್ಪ, ಒಳಗಿನ ತಾಮ್ರ 4.6 ಸ್ಕ್ವೇರ್ ಅಷ್ಟೇ. ಯಾವಾಗಲೂ ಸ್ಕ್ವೇರ್ ಎಂಎಂ ಎಷ್ಟು ಅಂತಲೇ ಕೇಳಿ.

ಮನೆಗೆ ಹಾಕುವ ಮಲ್ಟಿಸ್ಟ್ರಾಂಡ್ ವೈರ್ ನಡೆಯುತ್ತಾ ಅಂತ ಮುಂದಿನ ಪ್ರಶ್ನೆ ಬರುತ್ತೆ. ಕ್ಯಾಬಿನ್ ಒಳಗೆ, ಪೈಪಿನಲ್ಲಿ ಹೋದರೆ ನಡೆಯುತ್ತೆ. ಬಾನೆಟ್ ಒಳಗೆ ಬೇಡ. ಸಾಮಾನ್ಯ ಪಿವಿಸಿ 70 ಡಿಗ್ರಿಯದು, ಆಟೊ ವೈರ್ 105 ಡಿಗ್ರಿಯದು. ಎಂಜಿನ್ ಬಿಸಿಗೆ ಮನೆ ವೈರ್‌ನ ಹೊದಿಕೆ ಮೊದಲು ಗಟ್ಟಿಯಾಗುತ್ತೆ, ಆಮೇಲೆ ಬಿರಿಯುತ್ತೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲೋ ಎಸ್‌ಪಿ ರೋಡಿನಲ್ಲೋ ಆಟೊ ವೈರ್ ಮೀಟರ್ ಲೆಕ್ಕದಲ್ಲಿ ಕೇಳಿ ನೋಡಿ. ಕೆಂಪು 6 ಮೀಟರ್, ಕಪ್ಪು 6 ಮೀಟರ್.

ಫ್ಯೂಸ್ ಇರುವುದು ವೈರ್ ಕಾಯಲು, ಫ್ರಿಜ್ ಕಾಯಲು ಅಲ್ಲ. ಆದ್ದರಿಂದ ಅದು ಬ್ಯಾಟರಿ ಹತ್ತಿರವೇ ಇರಬೇಕು. ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ. ಫ್ರಿಜ್ ಪಕ್ಕದಲ್ಲಿ ಹಾಕಿದರೆ ಐದೂವರೆ ಮೀಟರ್ ವೈರ್‌ಗೆ ಕಾವಲೇ ಇಲ್ಲ. ಹೊಸ್ತಿಲ ಸ್ಕ್ರೂ ಎಲ್ಲಾದರೂ ವೈರ್ ತೂತು ಮಾಡಿದರೆ ಬ್ಯಾಟರಿ ನೂರಾರು ಆಂಪ್ ಸುರಿಯುತ್ತೆ, ಕಾರ್ಪೆಟ್‌ಗೆ ಬೆಂಕಿ ಹತ್ತುತ್ತೆ. 6 ಸ್ಕ್ವೇರ್‌ಗೆ 20 ಆಂಪ್ ಬ್ಲೇಡ್ ಫ್ಯೂಸ್ ಹಾಕಿ, ಆದರೆ ಸಾಕೆಟ್‌ನ ರೇಟಿಂಗ್ 15 ಆಗಿದ್ದರೆ ಫ್ಯೂಸೂ 15. ಫ್ರಿಜ್ ಎಳೆಯುವುದು ಐದೇ ಅಂತ 5 ಆಂಪ್ ಫ್ಯೂಸ್ ಹಾಕಬೇಡಿ, ಬೇಸಿಗೆಯ ನಡುಮಧ್ಯಾಹ್ನ ಹಾರುತ್ತೆ. ಹೋಲ್ಡರ್ ರಬ್ಬರ್ ಮುಚ್ಚಳದ ವಾಟರ್‌ಪ್ರೂಫ್ ಮಾದರಿಯದು ಇರಲಿ. ಅದರ ಬಾಲದ ವೈರ್ ನೋಡಿಯೇ ತನ್ನಿ. ಮೇಲೆ '30 ಆಂಪ್' ಅಂತ ಅಚ್ಚು ಹಾಕಿ ಕೆಳಗೆ ಒಂದೂವರೆ ಸ್ಕ್ವೇರ್ ವೈರ್ ಜೋಡಿಸಿದವು ಮಾರುಕಟ್ಟೆ ತುಂಬ ಇವೆ.

ಐದನೇಗೇರು:

ತಾಮ್ರತಂತಿಯವರು ವೈರ್ ಮುಗಿಸಿದರು, ನಾನು ಸಾಕೆಟ್ ಹೇಳುತ್ತೇನೆ. ಅಷ್ಟು ದಪ್ಪದ ವೈರ್ ಎಳೆದು ಕೊನೆಗೆ ನೂರು ರೂಪಾಯಿಯ ಸಿಗರೇಟ್ ಸಾಕೆಟ್ ಹಾಕುವುದು ಹೆದ್ದಾರಿ ಕಟ್ಟಿ ತುದಿಯಲ್ಲಿ ಕಾಲುಸಂಕ ಹಾಕಿದ ಹಾಗೆ.

ಸಿಗರೇಟ್ ಸಾಕೆಟ್ ಹುಟ್ಟಿದ್ದು ಕೆಲವೇ ಸೆಕೆಂಡು ಕಾಯಿಸುವ ಲೈಟರ್‌ಗೆ. ಅದರ ಮಧ್ಯದ ಪಾಸಿಟಿವ್ ಸ್ಪ್ರಿಂಗ್ ಮೇಲೆ ನಿಂತ ಒಂದು ಮೊನೆ, ಮುಟ್ಟುವ ಜಾಗ ಸಾಸಿವೆ ಕಾಳಿನಷ್ಟು. ಅದೇ ಸ್ಪ್ರಿಂಗ್ ಪ್ಲಗ್ ಅನ್ನು ಹೊರಕ್ಕೆ ತಳ್ಳುತ್ತಲೂ ಇರುತ್ತೆ. ಸ್ಪಿತಿ ಕಡೆಯ ಕುಲುಕಾಟದ ರಸ್ತೆಯಲ್ಲಿ ಒಂದು ಗಂಟೆ ಓಡಿಸಿದರೆ ಪ್ಲಗ್ ಕೂದಲೆಳೆಯಷ್ಟು ಹೊರಗೆ ಬರುತ್ತೆ. ಪೂರ್ತಿ ಬಿದ್ದುಹೋದರೆ ಒಳ್ಳೆಯದೇ, ಅರ್ಧ ಮುಟ್ಟಿಕೊಂಡು ಉಳಿದರೆ ಕಷ್ಟ. ಆ ಜಾಗದಲ್ಲಿ 0.1 ಓಮ್ ಬಂದರೂ 5 ಆಂಪ್‌ಗೆ ಅರ್ಧ ವೋಲ್ಟ್ ಹೋಯಿತು, ಎರಡೂವರೆ ವ್ಯಾಟ್ ಬಿಸಿ ಆ ಸಾಸಿವೆ ಕಾಳಿನ ಮೇಲೆ ಕೂತಿತು. ಪ್ಲಗ್ ಕಿತ್ತು ನೋಡಿ, ಮೊನೆಯ ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಕುಸಿದಿದ್ದರೆ ಇದೇ ಕಥೆ. ಇನ್ನೊಂದು, ಪ್ಲಗ್‌ನ ಮೊನೆ ತಿರುಪಿ ಬಿಚ್ಚುವಂಥದ್ದಾಗಿರುತ್ತೆ, ಒಳಗೆ ಗಾಜಿನ ಫ್ಯೂಸ್. ಅದು ಕುಲುಕಾಟಕ್ಕೆ ಸಡಿಲವಾಗಿ ಕಳೆದೇಹೋಗುವುದು ಸಾಮಾನ್ಯ.

ನನ್ನ ಮತ ಬೂದು ಬಣ್ಣದ 50 ಆಂಪ್ ಆಂಡರ್ಸನ್ ಕನೆಕ್ಟರ್‌ಗೆ. ಎರಡೂ ಕಡೆ ಒಂದೇ ಆಕಾರ, ಬೆಳ್ಳಿ ಲೇಪದ ಅಗಲ ಪಟ್ಟಿ, ಉಜ್ಜಿಕೊಂಡು ಕೂರುತ್ತೆ, ಕುಲುಕಾಟಕ್ಕೆ ಜಗ್ಗಲ್ಲ. ಇದರಲ್ಲಿ ಎಡವುವ ಜಾಗ ಎರಡು. ಜೊತೆಗೆ ಬರುವ ಕಾಂಟ್ಯಾಕ್ಟ್‌ನ ತೂತು ಸಾಮಾನ್ಯವಾಗಿ 13-16 ಸ್ಕ್ವೇರ್ ವೈರ್‌ಗೆ ಮಾಡಿದ್ದು, 6 ಸ್ಕ್ವೇರ್ ಅದರೊಳಗೆ ಗಿಲಕಿಯಂತೆ ಆಡುತ್ತೆ. ಸಣ್ಣ ತೂತಿನ ಕಾಂಟ್ಯಾಕ್ಟ್ ಕೇಳಿ ತನ್ನಿ. ಸಿಗದಿದ್ದರೆ ಎಳೆಗಳನ್ನು ದುಪ್ಪಟ್ಟು ಉದ್ದ ಸುಲಿದು, ಮಡಚಿ, ತೂತು ತುಂಬಿಸಿ ಷಡ್ಭುಜ ಅಚ್ಚಿನ ಟೂಲ್‌ನಿಂದ ಕ್ರಿಂಪ್ ಮಾಡಿ. ಎರಡನೆಯದು, ಕಾಂಟ್ಯಾಕ್ಟ್ ತಲೆಕೆಳಗಾಗಿ ತೂರಿಸುವುದು. ಸರಿಯಾಗಿ ಹೋದರೆ ಒಳಗಿನ ಸ್ಪ್ರಿಂಗ್ ಪಟ್ಟಿ ಮೇಲೆ ಹತ್ತಿ 'ಕ್ಲಿಕ್' ಅನ್ನುತ್ತೆ, ವೈರ್ ಹಿಡಿದು ಎಳೆದರೂ ಬರಲ್ಲ. ತಲೆಕೆಳಗಾದರೆ ಒಳಗೆ ಹೋದಂತೆ ಕಾಣುತ್ತೆ, ಇನ್ನೊಂದು ಪ್ಲಗ್ ಚುಚ್ಚಿದ ತಕ್ಷಣ ಹಿಂದಕ್ಕೆ ಜಾರುತ್ತೆ. ಪ್ಲಸ್ ಮೈನಸ್ ಗುರುತು ಹೌಸಿಂಗ್ ಮೇಲೇ ಇರುತ್ತೆ, ಕೆಂಪು ವೈರ್ ಪ್ಲಸ್‌ಗೆ.

ಫ್ರಿಜ್ ಜೊತೆ ಬಂದ ತಂತಿಯನ್ನು ಕತ್ತರಿಸಬೇಡಿ. ವಾರಂಟಿ ತಕರಾರು ಬರುತ್ತೆ, ಮುಂದೆ ಬೇರೆ ಗಾಡಿಯಲ್ಲಿ ಹಾಕಬೇಕಾದರೂ ಅದೇ ಬೇಕು. ಅದೇ ಪಿನ್ನಿನ ಬೇರೆ ತಂತಿ ಬಿಡಿಯಾಗಿ ಸಿಗುತ್ತೆ, ಅದರ ಸಿಗರೇಟ್ ತುದಿ ಕತ್ತರಿಸಿ ಆಂಡರ್ಸನ್ ಹಾಕಿ. ಕತ್ತರಿಸುವ ಮೊದಲು ಯಾವ ವೈರ್ ಪ್ಲಗ್‌ನ ಮೊನೆಗೆ ಹೋಗಿದೆ ಅಂತ ಮೀಟರ್‌ನ ಬೀಪ್‌ನಲ್ಲಿ ಖಚಿತ ಮಾಡಿಕೊಳ್ಳಿ, ಬಣ್ಣ ನಂಬಬೇಡಿ. ಪ್ಲಗ್ ಒಳಗಿನ ಫ್ಯೂಸ್ ಕತ್ತರಿಸಿದ ತುದಿಯಲ್ಲೇ ಹೋಯಿತು ಅನ್ನುವುದು ನೆನಪಿರಲಿ. ಆ ಸಣ್ಣ ತಂತಿಗೆ ಕಾವಲಾಗಿ ಸಾಕೆಟ್ ಹಿಂದೆ ಒಂದು 10 ಆಂಪ್ ಬ್ಲೇಡ್ ಫ್ಯೂಸ್ ಹಾಕಿ.

ಸಿಗರೇಟ್ ಮಾದರಿಯೇ ಬೇಕು ಅಂದರೆ ಪ್ಲಗ್ ಅನ್ನು ತಿರುಪಿ ಬಿಗಿ ಮಾಡುವ ಜೋಡಿ ತೆಗೆದುಕೊಳ್ಳಿ. 12 ಎಂಎಂನ ಸಣ್ಣ ಡಿನ್ ಸಾಕೆಟ್ ಕೂಡ ಒಳ್ಳೆಯದೇ, ಬಿಗಿಯಾಗಿ ಕೂರುತ್ತೆ. ಯಾವುದೇ ಇರಲಿ, ನೆಲದಿಂದ ಒಂದು ಗೇಣು ಮೇಲೆ, ಪಕ್ಕದ ಪ್ಲಾಸ್ಟಿಕ್ ಟ್ರಿಮ್ ಮೇಲೆ, ಬಾಯಿ ಅಡ್ಡಕ್ಕೆ ಇರುವಂತೆ ಕೂರಿಸಿ. ಬಾಯಿ ಮೇಲಕ್ಕಿದ್ದರೆ ಫ್ರಿಜ್ ಮುಚ್ಚಳದಿಂದ ತೊಟ್ಟಿಕ್ಕುವ ನೀರೆಲ್ಲ ಅದರೊಳಕ್ಕೆ.

ಬಯಲುಸೀಮೆ:

ನೆಗೆಟಿವ್ ಬಗ್ಗೆ ಯಾರೂ ಹೇಳಲಿಲ್ಲ. ಹಿಂದೆಯೇ ಬಾಡಿ ತಗಡಿಗೆ ಕೊಟ್ಟರೆ ಲೆಕ್ಕದ ಪ್ರಕಾರ ಡ್ರಾಪ್ ಕಡಿಮೆ, ಏಕೆಂದರೆ ವಾಪಸ್ ದಾರಿ ಇಡೀ ತಗಡು. ಹೊಸ ಗಾಡಿಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತೆ. ಆದರೆ ಕೀಲು ಒಂದೇ ಬೋಲ್ಟ್. ಪೇಂಟ್ ಪೂರ್ತಿ ಕೆರೆದು ಹೊಳೆಯುವ ಲೋಹ ಕಾಣಿಸಬೇಕು, ಹಲ್ಲಿನ ವಾಷರ್ ಹಾಕಬೇಕು, ಮೇಲೆ ಗ್ರೀಸ್ ಬಳಿಯಬೇಕು. ಎರಡು ಮಳೆಗಾಲ ಕಳೆದು ಒಳಗೆ ತುಕ್ಕು ಬಂದರೆ ಇದೇ 'ಒಂದು ಸಲ ಮಿಣುಕು' ಶುರು. ಸೀಟ್ ಬೆಲ್ಟ್ ಬೋಲ್ಟ್, ಸೀಟ್ ಬೋಲ್ಟ್ ಯಾವುದಕ್ಕೂ ಲಗ್ (ವೈರ್ ತುದಿಯ ಲೋಹದ ಬಳೆ) ಸಿಕ್ಕಿಸಬೇಡಿ, ಅವು ಬಿಗಿಯ ಲೆಕ್ಕಕ್ಕೆ ಇರುವಂಥವು. ಲ್ಯಾಡರ್ ಫ್ರೇಮ್ ಗಾಡಿಯಲ್ಲಿ ಇನ್ನೊಂದು ಗೊಂದಲ: ಬಾಡಿ ಕೂತಿರುವುದು ರಬ್ಬರ್ ಬುಷ್ ಮೇಲೆ. ಬಾಡಿಗೂ ಚಾಸಿಗೂ ನಡುವೆ ಸ್ಟ್ರಾಪ್ ಇದ್ದರಷ್ಟೇ ಕರೆಂಟ್ ದಾರಿ. ಆದ್ದರಿಂದ ಚಾಸಿ ರೈಲಿಗೆ ಕೊಡುವುದಂತೂ ಬೇಡವೇ ಬೇಡ.

ನನ್ನ ಮಟ್ಟಿಗೆ ಕೆಂಪು ಕಪ್ಪು ಎರಡೂ ಜೊತೆಯಾಗಿ ಮುಂದೆ ಬರಲಿ. ಮುಂದೆ ಕಪ್ಪನ್ನು ನೇರ ಬ್ಯಾಟರಿ ನೆಗೆಟಿವ್ ಟರ್ಮಿನಲ್‌ಗೆ ಬಿಗಿಯಬೇಡಿ. ಬ್ಯಾಟರಿಯಿಂದ ದಪ್ಪ ಕಪ್ಪು ಕೇಬಲ್ ಬಾಡಿಗೆ ಸೇರುವ ಬೋಲ್ಟ್ ಇರುತ್ತಲ್ಲ, ಅಲ್ಲಿಗೆ ಕೊಡಿ.

ತಾಮ್ರತಂತಿ:

ಒಪ್ಪಿದೆ, ಆದರೆ ಕಾರಣ ಬಿಡಿಸಿ ಹೇಳಿ ಸ್ವಾಮಿ. ಇಲ್ಲದಿದ್ದರೆ ನಾಳೆ ಇನ್ನೊಬ್ಬರು ಟರ್ಮಿನಲ್‌ಗೇ ಕೊಡಿ, ಡ್ರಾಪ್ ಕಡಿಮೆ ಅಂತ ಬರುತ್ತಾರೆ.

ಬಯಲುಸೀಮೆ:

ಕಾರಣ ಎರಡು. ಮೊದಲನೆಯದು, ಬ್ಯಾಟರಿಯಿಂದ ಎಂಜಿನ್-ಬಾಡಿಗೆ ಹೋಗುವ ಮುಖ್ಯ ಅರ್ತ್ ಕೇಬಲ್ ಸಡಿಲವಾದ ದಿನ ಸ್ಟಾರ್ಟರ್‌ನ ನೂರಾರು ಆಂಪ್ ಬೇರೆ ದಾರಿ ಹುಡುಕುತ್ತೆ. ಹಿಂದೆ ಸಾಕೆಟ್‌ನ ಹೊರ ಲೋಹ ಬಾಡಿ ತಗಡಿಗೆ ತಾಗಿದ್ದು, ನಿಮ್ಮ ಕಪ್ಪು ವೈರ್ ನೇರ ಟರ್ಮಿನಲ್‌ನಲ್ಲಿದ್ದರೆ ಆ ದಾರಿ ನಿಮ್ಮ 6 ಸ್ಕ್ವೇರ್ ವೈರೇ. ಅದರಲ್ಲಿ ಫ್ಯೂಸ್ ಇಲ್ಲ. ಅದಕ್ಕೇ ಐದನೇಗೇರು ಅವರು ಪ್ಲಾಸ್ಟಿಕ್ ಟ್ರಿಮ್ ಮೇಲೆ ಕೂರಿಸಿ ಅಂದದ್ದು ಇಲ್ಲೂ ಕೆಲಸಕ್ಕೆ ಬರುತ್ತೆ. ಎರಡನೆಯದು, ಈಗಿನ ಹಲವು ಬಿಎಸ್6 ಗಾಡಿಗಳಲ್ಲಿ ನೆಗೆಟಿವ್ ಟರ್ಮಿನಲ್ ಮೇಲೆ ಸಣ್ಣ ಕಪ್ಪು ಡಬ್ಬಿಯಂಥ ಸೆನ್ಸರ್ ಇರುತ್ತೆ, ಬ್ಯಾಟರಿಗೆ ಹೋದ ಬಂದ ಕರೆಂಟ್ ಎಣಿಸುವುದು ಅದೇ. ಕಪ್ಪನ್ನು ಟರ್ಮಿನಲ್ ಕಡೆ ಕೊಟ್ಟರೆ ಫ್ರಿಜ್ ತಿಂದ ಕರೆಂಟ್ ಅದರ ಲೆಕ್ಕಕ್ಕೆ ಸಿಗಲ್ಲ. ರಾತ್ರಿಯಿಡೀ 15 ಎಎಚ್ ಹೋಗಿದ್ದರೂ ಗಾಡಿ ಬ್ಯಾಟರಿ ತುಂಬಿದೆ ಅಂತಲೇ ತಿಳಿದು ಚಾರ್ಜ್ ಕಡಿಮೆ ಮಾಡುತ್ತೆ. ಬಾಡಿ ಬೋಲ್ಟ್ ಸೆನ್ಸರ್‌ನ ಆಚೆ ಕಡೆ ಇರುವುದರಿಂದ ಲೆಕ್ಕ ಸರಿಯಾಗುತ್ತೆ.

ಮಲ್ನಾಡ್‌ಮಳೆ:

ವೈರ್ ಎಳೆಯುವ ದಾರಿ ಬಗ್ಗೆ ನಾಲ್ಕು ಮಾತು. ಫೈರ್‌ವಾಲ್‌ನಲ್ಲಿ ಹೊಸ ತೂತು ಕೊರೆಯುವ ಮೊದಲು ಕಂಪನಿಯ ಹಾರ್ನೆಸ್ (ವೈರ್‌ಗಳ ಕಟ್ಟು) ಒಳಗೆ ಹೋಗುವ ದೊಡ್ಡ ಗ್ರೊಮೆಟ್ (ತೂತಿನ ರಬ್ಬರ್ ಬಿರಡೆ) ನೋಡಿ. ಹೆಚ್ಚಿನದರಲ್ಲಿ ಬಳಸದ ಮೊಲೆಯಂಥ ಮೂತಿ ಒಂದು ಇರುತ್ತೆ. ಅದರ ತುದಿ ಕತ್ತರಿಸಿ, ಜಿಐ ತಂತಿ ತೂರಿಸಿ, ವೈರ್ ತುದಿಯನ್ನು ಅದಕ್ಕೆ ಟೇಪ್ ಸುತ್ತಿ ಒಳಗಿಂದ ಎಳೆಯಿರಿ. ವೈರ್ ಗ್ರೊಮೆಟ್ ಸೇರುವ ಮೊದಲು ಒಮ್ಮೆ ಕೆಳಕ್ಕೆ ಬಾಗಿ ಮೇಲೇರಲಿ, ವೈರ್ ಹಿಡಿದು ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತೆ. ಇಲ್ಲದಿದ್ದರೆ ಆಗುಂಬೆ ಮಳೆಯಲ್ಲಿ ಮುಂದಿನ ಕಾರ್ಪೆಟ್ ಒದ್ದೆ.

ಒಳಗೆ ಬಾಗಿಲ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿ ಎತ್ತಿದರೆ ಕಂಪನಿ ಹಾರ್ನೆಸ್ ಮಲಗಿರುವ ಕಾಲುವೆ ಕಾಣುತ್ತೆ, ಅದರ ಪಕ್ಕದಲ್ಲೇ ಕೊರಗೇಟೆಡ್ ಪೈಪಿನಲ್ಲಿ ಹಾಕಿ, 20-25 ಸೆಂಟಿಮೀಟರಿಗೊಂದು ಟೈ. ಹಳದಿ ಕನೆಕ್ಟರ್ ಅಥವಾ ಹಳದಿ ಟೇಪ್ ಕಂಡರೆ ಅದು ಏರ್‌ಬ್ಯಾಗಿನದು, ಅದನ್ನು ಬಿಚ್ಚಬೇಡಿ, ಅದಕ್ಕೆ ಟೈ ಕಟ್ಟಲೂಬೇಡಿ. ಸೀಟಿನ ಹಳಿ ದಾಟಿಸಬೇಡಿ, ಸೀಟು ಹಿಂದೆ ಮುಂದೆ ಮಾಡಿದಾಗ ಕತ್ತರಿ ಆಡಿದ ಹಾಗೆ ಕೊಯ್ಯುತ್ತೆ. ಗಾಡಿ ಕೆಳಗಿಂದ ಎಳೆಯುವುದು ಸುಲಭ ಅನಿಸುತ್ತೆ, ಆದರೆ ಕಲ್ಲು, ಕೆಸರು, ಸೈಲೆನ್ಸರ್ ಬಿಸಿ, ಡೀಸೆಲ್ ಪೈಪ್ ಎಲ್ಲ ಅಲ್ಲೇ ಇವೆ.

ಸೋಲ್ಡರ್ ಪ್ರಿಯರಿಗೆ: ಲಗ್ ಅನ್ನು ಕ್ರಿಂಪ್ ಮಾತ್ರ ಮಾಡಿ. ಬೆಸುಗೆ ಎಳೆಗಳ ಒಳಕ್ಕೆ ಹತ್ತಿ ವೈರ್ ಕಡ್ಡಿಯಾಗುತ್ತೆ, ಕಡ್ಡಿ ಮುಗಿಯುವ ಜಾಗದಲ್ಲಿ ಕಂಪನಕ್ಕೆ ಮುರಿಯುತ್ತೆ. ಪ್ಲಾಸ್ಟಿಕ್ ಕಾಲರಿನ ಥಿಂಬಲ್ ಬಳಸುವುದಾದರೆ 4-6 ಸ್ಕ್ವೇರ್‌ಗೆ ಹಳದಿ, ನೀಲಿ ಎರಡೂವರೆವರೆಗೆ ಮಾತ್ರ. ಕ್ರಿಂಪ್ ಆದಮೇಲೆ ಬಲವಾಗಿ ಎಳೆದು ನೋಡಿ, ಬಂದರೆ ಈಗಲೇ ಬರಲಿ. ಮೇಲೆ ಒಳಗಡೆ ಅಂಟಿರುವ ಹೀಟ್ ಶ್ರಿಂಕ್ (ಬಿಸಿ ತಾಗಿಸಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಬಾನೆಟ್ ಒಳಗೆ ಇನ್ಸುಲೇಷನ್ ಟೇಪ್ ಬೇಡ, ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ.

ಇಲಿಗಳ ಬಗ್ಗೆ ಏನು ಹೇಳಲಿ. ಅಡಿಕೆ ತೋಟದ ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಗೆ ಕೊರಗೇಟೆಡ್ ಪೈಪ್ ಅವಕ್ಕೆ ಹಪ್ಪಳವಿದ್ದಂತೆ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ ಅಂತ ಸೇರಿಸಿಕೊಳ್ಳಿ.

ಕಚ್ಚಾರಸ್ತೆ:

ಎಲ್ಲರಿಗೂ ಧನ್ಯವಾದ. ಕಂಪ್ರೆಸರ್ ಓಡುವಾಗಲೇ ಅಳೆದೆ. ಬ್ಯಾಟರಿ 12.4, ಫ್ರಿಜ್ ತುದಿ 11.4. ಸರಿಯಾಗಿ ಒಂದು ವೋಲ್ಟ್! ಹಗ್ಗ ಹಿಡಿದು ಅಳೆದದ್ದು 5 ಮೀಟರ್ 40. 6 ಸ್ಕ್ವೇರ್, 20 ಆಂಪ್ ಫ್ಯೂಸ್, ಆಂಡರ್ಸನ್ ಅಂತ ತೀರ್ಮಾನಿಸಿದೆ.

ಮೂರು ಪ್ರಶ್ನೆ ಉಳಿದಿದೆ. ಲೈನ್ ಯಾವಾಗಲೂ ಆನ್ ಇರಲಾ, ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಬಿಡುವ ಇಗ್ನಿಷನ್ ರಿಲೇ ಹಾಕಲಾ? ಒಂದೇ ಜಾಗದಲ್ಲಿ ಎರಡು ರಾತ್ರಿ ನಿಂತರೆ ಈ ಬ್ಯಾಟರಿ ತಡೆಯುತ್ತಾ? ಮತ್ತೆ ಫ್ರಿಜ್ ಚುಚ್ಚುವ ಮೊದಲು ಲೈನ್ ಪರೀಕ್ಷಿಸುವುದು ಹೇಗೆ?

ಬಾನೆಟ್‌ಬಡಗಿ:

ಇಗ್ನಿಷನ್ ರಿಲೇ ಹಾಕಿದರೆ ನೀವು ಊಟಕ್ಕೆ ಇಳಿದಾಗಲೇ ಫ್ರಿಜ್ ನಿಲ್ಲುತ್ತೆ. ಬಿಸಿಲಲ್ಲಿ ನಿಂತ ಗಾಡಿಗೇ ಅದು ಹೆಚ್ಚು ಬೇಕಾದದ್ದು. ಯಾವಾಗಲೂ ಆನ್ ಇರಲಿ, ಜೊತೆಗೆ ಲೋ ವೋಲ್ಟೇಜ್ ಕಟ್‌ಆಫ್ ಒಂದು ಇರಲಿ. ಫ್ರಿಜ್‌ನದೇ ಪ್ರೊಟೆಕ್ಷನ್ 'ಹೈ' ಇಟ್ಟರೆ ಅದೇ ಮೊದಲ ಕಾವಲು. ಬೇರೆ ಕಟ್‌ಆಫ್ ಹಾಕುವುದಾದರೆ ಲೋಡ್ ಇರುವಾಗ 12.0ಕ್ಕೆ ಕಡಿಯುವಂತೆ ಸೆಟ್ ಮಾಡಿ, ರಿಲೇ ಮಾದರಿ ಬೇಡ. ಅದರ ಕಾಯಿಲೇ 0.1-0.2 ಆಂಪ್ ಕುಡಿಯುತ್ತೆ, ದಿನಕ್ಕೆ ಮೂರು ನಾಲ್ಕು ಎಎಚ್ ಸುಮ್ಮನೆ ಹೋಯಿತು.

ಎರಡು ರಾತ್ರಿ ಲೆಕ್ಕ ಹಾಕೋಣ. ಕಂಪ್ರೆಸರ್ ಓಡುವಾಗ 4-5 ಆಂಪ್. ರಾತ್ರಿ ತಂಪಲ್ಲಿ ಗಂಟೆಯ ಮೂರನೇ ಒಂದು ಭಾಗ ಓಡಿದರೆ ಸರಾಸರಿ ಒಂದೂವರೆ ಆಂಪ್, ಹತ್ತು ಗಂಟೆಗೆ 15 ಎಎಚ್. ಹಗಲು ಮುಚ್ಚಿದ ಗಾಡಿಯೊಳಗೆ 45 ಡಿಗ್ರಿ ಆದರೆ ಅರ್ಧಕ್ಕಿಂತ ಹೆಚ್ಚು ಹೊತ್ತು ಓಡುತ್ತೆ. ಇಡೀ ದಿನಕ್ಕೆ 35-45 ಎಎಚ್ ಅಂದುಕೊಳ್ಳಿ. ನಿಮ್ಮದು ಸ್ಟಾರ್ಟಿಂಗ್ ಬ್ಯಾಟರಿ. 65ರಲ್ಲಿ 20ಕ್ಕಿಂತ ಹೆಚ್ಚು ತೆಗೆದರೆ ಪ್ಲೇಟ್ ಮೇಲೆ ಸಲ್ಫೇಟ್ ಕೂರಲು ಶುರು, ಡೀಸೆಲ್ ಎಂಜಿನ್ ಚಳಿಯಲ್ಲಿ ಎತ್ತುವುದೂ ಅನುಮಾನ. ಆದ್ದರಿಂದ ಒಂದು ರಾತ್ರಿ ಸರಿ, ಎರಡನೆಯದು ಬೇಡ. ಅಂದ ಹಾಗೆ ಫ್ರಿಜ್‌ಗೆ ನಿಜವಾದ ಪರೀಕ್ಷೆ ಲಡಾಖ್ ಅಲ್ಲ, ಏಪ್ರಿಲ್ ತಿಂಗಳ ಕಲಬುರಗಿ.

ಎರಡನೇ ಬ್ಯಾಟರಿ ಯೋಚನೆ ಮುಂದೆ ಇದೆಯಾ? ಇದ್ದರೆ ಈಗ ಟ್ರಿಮ್ ಬಿಚ್ಚಿದಾಗಲೇ 6ರ ಬದಲು 16 ಸ್ಕ್ವೇರ್ ಎಳೆದುಬಿಡಿ. 18 ಆಂಪ್‌ನ ಡಿಸಿ-ಡಿಸಿ ಚಾರ್ಜರ್ (ಗಾಡಿಯ ಕರೆಂಟ್‌ನಿಂದ ಎರಡನೇ ಬ್ಯಾಟರಿ ತುಂಬಿಸುವ ಡಬ್ಬಿ) ಒಳಕ್ಕೆ 22 ಆಂಪ್ ಹತ್ತಿರ ಎಳೆಯುತ್ತೆ, 6 ಸ್ಕ್ವೇರ್‌ನಲ್ಲಿ ಅಷ್ಟು ಹರಿದರೆ 0.7 ವೋಲ್ಟ್ ಸೋರುತ್ತೆ, 16ರಲ್ಲಿ ಕಾಲು ವೋಲ್ಟ್. ಆಗ ಮುಂದೆ 40 ಆಂಪ್ ಮಿಡಿ ಫ್ಯೂಸ್ (ಬೋಲ್ಟ್ ಹಾಕಿ ಬಿಗಿಯುವ ಮಾದರಿ), ಹಿಂದೆ ಸಣ್ಣ ಫ್ಯೂಸ್ ಬಾಕ್ಸ್, ಅದರಲ್ಲಿ ಫ್ರಿಜ್‌ಗೆ 10ರದು. ಬಿಎಸ್4 ಗಾಡಿಯಲ್ಲಿ ಆಲ್ಟರ್ನೇಟರ್ 14ರ ಹತ್ತಿರವೇ ನಿಂತಿರುವುದಾದರೆ ಲೆಡ್ ಆಸಿಡ್ ಎರಡನೇ ಬ್ಯಾಟರಿಗೆ ವೋಲ್ಟೇಜ್ ನೋಡಿ ಸೇರುವ ರಿಲೇ ಸಾಕು. ಬಿಎಸ್6ನ ಸ್ಮಾರ್ಟ್ ಆಲ್ಟರ್ನೇಟರ್ ಬ್ಯಾಟರಿ ತುಂಬಿದ ಮೇಲೆ ವೋಲ್ಟೇಜ್ ಇಳಿಸಿಬಿಡುತ್ತೆ, ಆ ರಿಲೇ ಕಟ್ಟು ಬಿಡು ಕಟ್ಟು ಬಿಡು ಅಂತ ಆಡುತ್ತೆ. ಅಂಥ ಗಾಡಿಗೂ, ಲಿಥಿಯಂ ಬ್ಯಾಟರಿಗೂ ಡಿಸಿ-ಡಿಸಿ ಚಾರ್ಜರೇ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಅನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಲೇಹ್ ದಾರಿಯ ಸರ್ಚುವಿನಂಥ ಕಡೆ ಮುಂಜಾನೆ ಇದು ನೆನಪಿರಲಿ. ಇನ್ವರ್ಟರ್ ಇಟ್ಟು 230 ವೋಲ್ಟ್ ಕೊಡುವ ಯೋಚನೆ ಮಾತ್ರ ಬೇಡ, 12ರಿಂದ 230, ಫ್ರಿಜ್ ಒಳಗೆ ಮತ್ತೆ ಇಳಿಸು, ಎರಡು ಕಡೆ ನಷ್ಟ.

ಪರೀಕ್ಷೆಗೆ ಆಟೊ ಅಂಗಡಿಯಿಂದ ಒಂದು ಎಚ್4 ಹ್ಯಾಲೊಜೆನ್ ಬಲ್ಬ್ ತನ್ನಿ, 60/55 ವ್ಯಾಟ್. ಒಂದು ಫಿಲಮೆಂಟ್ ಉರಿಸಿದರೆ 5 ಆಂಪ್ ಆಸುಪಾಸು, ನಿಮ್ಮ ಫ್ರಿಜ್‌ನಷ್ಟೇ. ಎರಡೂ ಉರಿಸಿದರೆ ಒಂಬತ್ತರ ಹತ್ತಿರ, ಕಂಪ್ರೆಸರ್ ಹೊರಡುವಾಗಿನ ಎಳೆತಕ್ಕೆ ಅದು ಅಂದಾಜು. ಕ್ರಮ ಹೀಗೆ: ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ ಕೆಲಸ ಮಾಡಿ. ಎಲ್ಲ ಜೋಡಿಸಿದ ಮೇಲೆ, ಫ್ಯೂಸ್ ಹಾಕದೆ, ಸಾಕೆಟ್‌ನಲ್ಲಿ ಕೆಂಪು ಕಪ್ಪಿನ ನಡುವೆ ಮೀಟರ್ ಬೀಪ್ ಹಾಕಿ. ಬೀಪ್ ಬಂದರೆ ಎಲ್ಲೋ ಶಾರ್ಟ್. ಬರದಿದ್ದರೆ ನೆಗೆಟಿವ್ ಸೇರಿಸಿ, ಫ್ಯೂಸ್ ಕೊನೆಗೆ. ಸಾಕೆಟ್‌ಗೆ ಬಲ್ಬ್ ಕೊಡಿ, ಗಾಜು ಮುಟ್ಟಬೇಡಿ, ಟೈಲ್ಸ್ ತುಂಡಿನ ಮೇಲೆ ಇಡಿ, ಕಾರ್ಪೆಟ್ ಮೇಲಲ್ಲ. ಬಲ್ಬ್ ಉರಿಯುವಾಗ ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದನ್ನು ಉದ್ದ ವೈರ್ ಕಟ್ಟಿ ಸಾಕೆಟ್‌ನ ಪಾಸಿಟಿವ್‌ಗೆ ಮುಟ್ಟಿಸಿ. ಬರುವ ಅಂಕಿಯೇ ಕೆಂಪು ದಾರಿಯ ಡ್ರಾಪ್. ಕಪ್ಪಿಗೂ ಹಾಗೆಯೇ. ಹತ್ತು ನಿಮಿಷ ಉರಿಸಿ ಫ್ಯೂಸ್ ಹೋಲ್ಡರ್, ಪ್ರತಿ ಕ್ರಿಂಪ್ ಬೆರಳಿನಿಂದ ಮುಟ್ಟಿ ನೋಡಿ. ಉಗುರುಬೆಚ್ಚಗಿಂತ ಹೆಚ್ಚು ಬಿಸಿ ಇದ್ದ ಕಡೆ ಕ್ರಿಂಪ್ ಕತ್ತರಿಸಿ ಮತ್ತೆ ಹಾಕಿ.

ಕಚ್ಚಾರಸ್ತೆ:

ಕೆಲಸ ಮುಗಿಯಿತು. ಒಂದು ಫಿಲಮೆಂಟ್ ಉರಿಯುವಾಗ ಬ್ಯಾಟರಿ 12.45, ಸಾಕೆಟ್ 12.26. ಕೆಂಪಲ್ಲಿ 0.10, ಕಪ್ಪಲ್ಲಿ 0.09. ಎಲ್ಲೂ ಬಿಸಿ ಇಲ್ಲ. ಆದರೆ ಫ್ರಿಜ್ ಚುಚ್ಚಿ ಅದರ ಹಿಂಭಾಗದ ಪಿನ್ ಹತ್ತಿರ ನೋಡಿದರೆ 11.92. ಸಾಕೆಟ್‌ನಿಂದ ಫ್ರಿಜ್‌ಗೆ ಬರುವಷ್ಟರಲ್ಲಿ ಇಷ್ಟು ಹೋಗುತ್ತಾ? 'ಹೈ'ನಲ್ಲಿ ಇಟ್ಟರೆ ಇನ್ನೂ ಅಂಚಿನಲ್ಲೇ ಇದ್ದೇನೆ.

ತಾಮ್ರತಂತಿ:

ಹೋಗುತ್ತೆ. ಬಿಡಿಯಾಗಿ ತಂದ ಆ ತಂತಿ ಎರಡೂವರೆ ಮೀಟರ್ ಇರಬೇಕು, ಒಳಗೆ 1.3 ಸ್ಕ್ವೇರ್ ಆಸುಪಾಸು. ಹೋಗಿ ಬರುವ 5 ಮೀಟರಿಗೆ 0.067 ಓಮ್, 5 ಆಂಪ್‌ಗೆ 0.34 ವೋಲ್ಟ್. ನೀವು ಎಳೆದ ಇಡೀ ಲೈನ್ ತಿನ್ನುವುದು 0.19, ಕೊನೆಯ ಈ ತುಂಡು ಅದರ ಎರಡರಷ್ಟರ ಹತ್ತಿರ. ಫ್ರಿಜ್ ಸಾಕೆಟ್ ಪಕ್ಕದಲ್ಲೇ ಇದೆಯಲ್ಲ, ಆ ತಂತಿಯನ್ನು 60 ಸೆಂಟಿಮೀಟರಿಗೆ ಕತ್ತರಿಸಿ ಆಂಡರ್ಸನ್ ಮತ್ತೆ ಹಾಕಿ. 0.34 ಇದ್ದದ್ದು 0.08 ಆಗುತ್ತೆ, ಫ್ರಿಜ್ ಹತ್ತಿರ 12.18 ಸಿಗುತ್ತೆ. ಉಳಿದ ತಂತಿಯನ್ನು ಸುರುಳಿ ಸುತ್ತಿ ಕಟ್ಟಿಟ್ಟರೆ ಏನೂ ಪ್ರಯೋಜನವಿಲ್ಲ, ಸುರುಳಿಯಲ್ಲಿದ್ದರೂ ಡ್ರಾಪ್ ಅಷ್ಟೇ. ಮುಚ್ಚಳ ತೆರೆದಾಗ, ಫ್ರಿಜ್ ಸ್ಲೈಡ್ ಮೇಲೆ ಹೊರಕ್ಕೆ ಬಂದಾಗ ಜಗ್ಗದಷ್ಟು ಉದ್ದ ಬಿಟ್ಟುಕೊಂಡೇ ಕತ್ತರಿಸಿ. ಸ್ಲೈಡ್ ಇದ್ದರೆ 60 ಸಾಲದು, ಆಗ ಆ ತುಂಡನ್ನೇ 2.5 ಸ್ಕ್ವೇರ್‌ನದು ಮಾಡಿಕೊಳ್ಳಿ.